ಹೆಸರಾದ ಶಾಲೆಯೂ ಮಗುವಿನ ಓದೂ

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳನ್ನು ಒಂದು ಸುತ್ತು ಹಾಕಿ ಬಂದವರಿಗೆ ಒಂದು ದೃಶ್ಯ ಕಣ್ಣಿಗೆ ಬೀಳದೆ ಇರುವುದಿಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಹಿಡಿದು ಕೆಂಗೇರಿಯವರೆಗೆ, ಶಾಲಾ ಕಾಲೇಜುಗಳ ಕಾಂಪೌಂಡಿನ ಮೇಲೆ, ಅವುಗಳ ಬಸ್ಸುಗಳ ಬೆನ್ನಿನ ಮೇಲೆ, ಮಾರನೆಯ ದಿನದ ವೃತ್ತಪತ್ರಿಕೆಯ ಪುಟಗಳಲ್ಲಿ, ನಗುಮುಖದ ಹುಡುಗ ಹುಡುಗಿಯರ ಭಾವಚಿತ್ರಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದು ಮುಖದ ಕೆಳಗೆ ಒಂದು ಅಂಕಿ: 625ಕ್ಕೆ ಇಷ್ಟು, 600ಕ್ಕೆ ಇಷ್ಟು, ಸಿಇಟಿಯಲ್ಲಿ ಇಷ್ಟನೆಯ ರ‍್ಯಾಂಕು. ನೋಡಿದ ತಂದೆತಾಯಿಗಳ ಮನಸ್ಸಿನಲ್ಲಿ ಒಂದೇ ಮಾತು ಹುಟ್ಟುತ್ತದೆ: ನಮ್ಮ ಮಗುವನ್ನೂ ಅಲ್ಲಿಗೇ ಸೇರಿಸಬೇಕು.

ಆ ಮಾತು ಹುಟ್ಟಿದ ರಾತ್ರಿಯೇ ಮನೆಯಲ್ಲಿ ಲೆಕ್ಕಾಚಾರ ಮೊದಲಾಗುತ್ತದೆ. ಶುಲ್ಕವೆಷ್ಟು, ಬಸ್ಸಿಗೆಷ್ಟು, ಟ್ಯೂಷನ್ನಿಗೆಷ್ಟು? ಊರಿನ ಜಮೀನಿನ ಒಂದು ತುಂಡನ್ನು ಮಾರಬೇಕೆ, ಹೆಂಡತಿಯ ಬಳೆಗಳನ್ನು ಬ್ಯಾಂಕಿನಲ್ಲಿಡಬೇಕೆ? ಮನೆಯ ಹಿರಿಯರು "ನೀನು ಓದಿದ್ದು ಹಳ್ಳಿಯ ಶಾಲೆಯಲ್ಲೇ ಅಲ್ಲವೇನಪ್ಪಾ?" ಎಂದು ಕೇಳಿದರೆ, "ಕಾಲ ಬದಲಾಗಿದೆ, ನೀವು ಸುಮ್ಮನಿರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಾಲ ಬದಲಾಗಿರುವುದು ನಿಜ. ಆದರೆ ಏನು ಬದಲಾಯಿತು, ಏಕೆ ಬದಲಾಯಿತು, ಇಷ್ಟು ಹಣ ತೆತ್ತು ನಾವು ಕೊಳ್ಳುತ್ತಿರುವುದಾದರೂ ಏನನ್ನು ಎಂಬುದನ್ನು ಸಾವಧಾನವಾಗಿ ವಿಚಾರಿಸುವವರು ಕಡಿಮೆ. ಈ ಲೇಖನದ ಉದ್ದೇಶ ಅದೇ.

ಮೊದಲು 'ಸೀಟು' ಎಂಬ ಮಾತನ್ನು ನೋಡೋಣ. ಈ ಇಂಗ್ಲಿಷ್ ಮಾತು ನಮ್ಮ ಅಡಿಗೆಮನೆಯವರೆಗೂ ಬಂದುಬಿಟ್ಟಿದೆ. "ಹುಡುಗನಿಗೆ ಸೀಟು ಸಿಕ್ಕಿತಂತೆ" ಎಂದರೆ ಎಲ್ಲಿಯ ಸೀಟು ಎಂದು ಯಾರೂ ಕೇಳುವುದಿಲ್ಲ. ಇದಕ್ಕೆ ಕಾರಣವಿದೆ. ಖಾಸಗಿಯವರು ಉನ್ನತ ಶಿಕ್ಷಣಕ್ಕೆ ಕೈಹಾಕಿದ ಕಥೆಯಲ್ಲಿ ನಮ್ಮ ನಾಡು ಬಹಳ ಮುಂದಿತ್ತು. ಬಿ. ಎಂ. ಶ್ರೀನಿವಾಸಯ್ಯನವರು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆದದ್ದು 1946ರಲ್ಲಿ. ಡಾಕ್ಟರ್ ಟಿ. ಎಂ. ಎ. ಪೈಯವರು ಮಣಿಪಾಲದ ಗುಡ್ಡದ ಮೇಲೆ ವೈದ್ಯ ಕಾಲೇಜನ್ನು ಸ್ಥಾಪಿಸಿದ್ದು 1953ರಲ್ಲಿ. ಮೈಸೂರು ರಸ್ತೆಯಲ್ಲಿ ಇಂದಿಗೂ ಹೆಸರಾಗಿರುವ ಆರ್. ವಿ. ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾದದ್ದು 1963ರಲ್ಲಿ. ಅದರ ಮರುವರ್ಷ, 1964ರಲ್ಲಿ, ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿತು. ಮುಂದೆ ನಗರದ ಪಶ್ಚಿಮದಂಚಿನಲ್ಲಿ ವಿಶಾಲವಾದ ಜ್ಞಾನಭಾರತಿ ಆವರಣ ಎದ್ದಿತು. ಸರ್ಕಾರದ ಕಾಲೇಜುಗಳು ಬೆರಳೆಣಿಕೆಯಷ್ಟಿದ್ದಾಗ, ಓದಬೇಕೆಂದು ಬಂದ ಸಾವಿರಾರು ಮಂದಿಗೆ ಈ ಖಾಸಗಿ ಸಂಸ್ಥೆಗಳು ನೆರಳು ಕೊಟ್ಟವು. ಈ ಉಪಕಾರವನ್ನು ಮರೆಯಬಾರದು.

ಆದರೆ ನೆರಳು ಬೇಕೆನ್ನುವವರು ಹೆಚ್ಚಿ ಮರ ಅಷ್ಟೇ ಇದ್ದಾಗ ನೆರಳಿಗೂ ಬೆಲೆ ಬರುತ್ತದೆ. ಕಾಲೇಜಿಗೆ ಸೇರುವಾಗ ಶುಲ್ಕವಲ್ಲದೆ ದೊಡ್ಡ ಮೊತ್ತದ 'ಡೊನೇಷನ್' ಕೊಡುವ ಪದ್ಧತಿ ಬೆಳೆಯಿತು. ಅದನ್ನು ತಡೆಯಲು ಕರ್ನಾಟಕ ಸರ್ಕಾರ 1984ರಲ್ಲಿ ಒಂದು ಶಾಸನವನ್ನೇ ಮಾಡಿತು. ಅಷ್ಟರಿಂದ ವ್ಯಾಜ್ಯ ಮುಗಿಯಲಿಲ್ಲ. 1989ರ ಸರ್ಕಾರಿ ಪ್ರಕಟಣೆಯೊಂದು ಖಾಸಗಿ ವೈದ್ಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಮೂರು ಬಗೆಯಾಗಿ ಗೊತ್ತುಮಾಡಿತ್ತು: ಸರ್ಕಾರದ ಪಾಲಿನ ಸೀಟಿಗೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರನಾಡಿನವರಿಗೆ 60,000. ಮೀರತ್ತಿನಿಂದ ಬಂದ ಒಬ್ಬ ವಿದ್ಯಾರ್ಥಿನಿ 60,000 ರೂಪಾಯಿ ಕೊಡಲಾರದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಳು. 1992ರಲ್ಲಿ ನ್ಯಾಯಾಲಯ, ಇಂಥ ವಸೂಲಿಯು ವಿದ್ಯೆಯನ್ನು ಹಣವಂತರಿಗೆ ಮಾರಿದಂತೆ ಎಂಬ ಭಾವದ ತೀರ್ಪು ಕೊಟ್ಟು ಅದನ್ನು ತಳ್ಳಿಹಾಕಿತು. 1993ರಲ್ಲಿ ಇನ್ನೊಂದು ತೀರ್ಪು ಬಂದು, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟುಗಳು ಕಡಿಮೆ ಶುಲ್ಕಕ್ಕೆ, ಇನ್ನರ್ಧ ಹೆಚ್ಚಿನ ಶುಲ್ಕಕ್ಕೆ, ಆದರೆ ಎರಡೂ ಅರ್ಹತೆಯ ಕ್ರಮದಲ್ಲೇ ಹಂಚಿಕೆಯಾಗತಕ್ಕದ್ದೆಂದು ವಿಧಿಸಿತು. ಅದರ ಮೇರೆಗೆ 1994ರಲ್ಲಿ ನಮ್ಮಲ್ಲಿ ಸಿಇಟಿ ಘಟಕ ಸ್ಥಾಪನೆಯಾಯಿತು. ಮಲ್ಲೇಶ್ವರದ ಆ ಕಛೇರಿಗೆ ಬೀದರಿನಿಂದ ಚಾಮರಾಜನಗರದವರೆಗಿನ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬಂದು, ತಮ್ಮ ಸರದಿಗಾಗಿ ಕಾದು ಕುಳಿತಿದ್ದ ದಿನಗಳನ್ನು ಅನೇಕರು ಬಲ್ಲರು.

ಆಮೇಲೆ ಗಾಳಿ ಮತ್ತೆ ತಿರುಗಿತು. 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ, ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ, 1993ರ ಏರ್ಪಾಡನ್ನು ಬದಿಗೊತ್ತಿ ಖಾಸಗಿ ಸಂಸ್ಥೆಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಲಾಭಕೋರತನವೂ ಡೊನೇಷನ್ನೂ ಕೂಡದು ಎಂಬ ಕಟ್ಟನ್ನು ಮಾತ್ರ ಸಡಿಲಿಸಲಿಲ್ಲ. 2005ರ ತೀರ್ಪು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅಂದಿನಿಂದ ನಮ್ಮ ಇಂಜಿನಿಯರಿಂಗ್ ಸೀಟುಗಳು ಸರ್ಕಾರ ಮತ್ತು ಕಾಲೇಜುಗಳ ಒಪ್ಪಂದದಂತೆ ಹಂಚಿಹೋಗುತ್ತಿವೆ: ಸಿಇಟಿಯ ಮೂಲಕ ಒಂದು ಪಾಲು, ಖಾಸಗಿ ಕಾಲೇಜುಗಳ ಒಕ್ಕೂಟವು ನಡೆಸುವ ಕಾಮೆಡ್‌ಕೆ ಪರೀಕ್ಷೆಯ ಮೂಲಕ ಒಂದು ಪಾಲು, ಆಡಳಿತ ಮಂಡಲಿಯ ಕೈಯಲ್ಲೇ ಉಳಿಯುವ ಮತ್ತೊಂದು ಪಾಲು. ಒಂದೇ ಬೆಂಚಿನ ಮೇಲೆ ಕುಳಿತ ಮೂವರು ಹುಡುಗರು ಮೂರು ಬಗೆಯ ಶುಲ್ಕ ತೆತ್ತಿರುವುದು ಇದರಿಂದಲೇ.

ಇಷ್ಟು ದೀರ್ಘವಾಗಿ ಈ ಇತಿಹಾಸವನ್ನು ಹೇಳಿದ್ದೇಕೆಂದರೆ, ಅದರಲ್ಲಿ ಒಂದು ಸೂಕ್ಷ್ಮವಿದೆ. ಕಾಲೇಜಿನ ಬಾಗಿಲಲ್ಲಿ ಹಣದ ಚೀಲಕ್ಕೆ ಬದಲಾಗಿ ಪರೀಕ್ಷೆಯನ್ನು ನಿಲ್ಲಿಸಿದ್ದು ದೊಡ್ಡ ನ್ಯಾಯದ ಕೆಲಸ. ಬಡ ಉಪಾಧ್ಯಾಯರ ಮಕ್ಕಳೂ ರೈತರ ಮಕ್ಕಳೂ ಅದರಿಂದಲೇ ವೈದ್ಯರಾದರು, ಇಂಜಿನಿಯರಾದರು. ಆದರೆ ಆ ಹಣದ ಚೀಲ ಮಾಯವಾಗಲಿಲ್ಲ. ಒಂದೊಂದೇ ಮೆಟ್ಟಿಲು ಕೆಳಗಿಳಿಯಿತು. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ಪಿಯುಸಿಯ ಅಂಕ ಅರ್ಧ. ಆದ್ದರಿಂದ ಎರಡನ್ನೂ ಒಟ್ಟಿಗೆ ಕಲಿಸುವ ಪಿಯು ಕಾಲೇಜಿಗೆ ಬೇಡಿಕೆ ಬಂತು. ಆ ಕಾಲೇಜಿಗೆ ಸೇರಲು ಎಸ್‌ಎಸ್‌ಎಲ್‌ಸಿಯ ಅಂಕ ಬೇಕು. ಆದ್ದರಿಂದ ಎಂಟನೆಯ ತರಗತಿಯಿಂದಲೇ ತರಬೇತಿ. ಅದಕ್ಕೆ ತಕ್ಕ ಪ್ರೌಢಶಾಲೆ ಬೇಕು. ಅಲ್ಲಿ ಹೊಸಬರಿಗೆ ಸೀಟು ಕಡಿಮೆ, ಆದ್ದರಿಂದ ಎಲ್‌ಕೆಜಿಯಲ್ಲೇ ಸೇರಿಸಬೇಕು. ಹದಿನೆಂಟರ ಹುಡುಗನ ಬಾಗಿಲಲ್ಲಿ ನಿಂತಿದ್ದ ಚಿಂತೆ ನಾಲ್ಕು ವರ್ಷದ ಮಗುವಿನ ಬಾಗಿಲಿಗೆ ಬಂದು ಕುಳಿತದ್ದು ಹೀಗೆ.

ಜ್ಞಾನಭಾರತಿಯ ಮಗ್ಗುಲಲ್ಲೇ, ನಾಗರಭಾವಿಯಲ್ಲಿ, ಇದಕ್ಕೆ ಇನ್ನೊಂದು ನಿದರ್ಶನವಿದೆ. 1986ರ ರಾಜ್ಯ ಶಾಸನದಿಂದ ಹುಟ್ಟಿದ ರಾಷ್ಟ್ರೀಯ ಕಾನೂನು ಶಾಲೆ ದೇಶದಲ್ಲೇ ಅತ್ಯಂತ ಪ್ರತಿಷ್ಠಿತವಾದ ಕಾನೂನು ವಿದ್ಯಾಸಂಸ್ಥೆಗಳಲ್ಲೊಂದು. ಅದರ ಪ್ರವೇಶ 2008ರಿಂದ ಕ್ಲಾಟ್ ಎಂಬ ಅಖಿಲ ಭಾರತ ಪರೀಕ್ಷೆಯ ಮೂಲಕ ನಡೆಯುತ್ತದೆ: ಎರಡು ಗಂಟೆ, ಈಚಿನ ಕ್ರಮದಲ್ಲಿ 120 ಪ್ರಶ್ನೆಗಳು, ಪೂರ್ತಿ ಇಂಗ್ಲಿಷಿನಲ್ಲಿ. ನಮ್ಮ ಸಿಇಟಿಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ವೈದ್ಯಶಿಕ್ಷಣದ ನೀಟ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಆದರೆ ಈ ಬಾಗಿಲಿನ ಬೀಗಕ್ಕೆ ಇಂಗ್ಲಿಷಿನ ಕೀಲಿಯೊಂದೇ. ಕಾಂಪೌಂಡಿನ ಆಚೆ ಬೆಳೆದ ಕನ್ನಡ ಶಾಲೆಯ ಮಗುವಿಗೆ ದೆಹಲಿಯ ಮಗುವಿಗಿಂತ ಆ ಶಾಲೆ ದೂರ. ಇದನ್ನು ಸರಿಪಡಿಸಲು ವಿಧಾನಮಂಡಲ 2020ರಲ್ಲಿ ಶಾಸನವನ್ನು ತಿದ್ದಿ, ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇಕಡ 25ರಷ್ಟು ಸೀಟು ಮೀಸಲಿಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದುಮಾಡಿತು. ಆಮೇಲೆ ಶಾಲೆಯೇ ತನ್ನ ಯೋಜನೆಯೊಂದರ ಮೂಲಕ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡ 25ರ ಪಾಲನ್ನು ತಂದುಕೊಂಡಿತು. ಆದರೆ ಇಲ್ಲಿ ಹತ್ತು ವರ್ಷ ಓದಿದವರೆಲ್ಲರೂ ಒಂದೇ ಬಗೆಯ ಶಾಲೆಯಲ್ಲಿ ಓದಿದವರಲ್ಲವಷ್ಟೆ. ಸೀಟಿನ ಪಾಲು ಸಿಕ್ಕಿತು; ಪರೀಕ್ಷೆಯ ಭಾಷೆ ಬದಲಾಗಲಿಲ್ಲ.

ಈ ಕಾರಣದಿಂದಲೇ ಇಂಗ್ಲಿಷ್ ಮಾಧ್ಯಮವೂ ಶಾಲೆಯ ಪ್ರತಿಷ್ಠೆಯೂ ಬೇರ್ಪಡಿಸಲಾರದಂತೆ ಹೆಣೆದುಕೊಂಡಿವೆ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ಕಲಿಸತಕ್ಕದ್ದೆಂದು ಸರ್ಕಾರ 1994ರಲ್ಲಿ ಆಜ್ಞೆ ಮಾಡಿತು. ಖಾಸಗಿ ಶಾಲೆಗಳ ಮಟ್ಟಿಗೆ ಅದು ಸಲ್ಲದೆಂದು 2008ರಲ್ಲಿ ಹೈಕೋರ್ಟೂ, ಮಾಧ್ಯಮದ ಆಯ್ಕೆ ತಂದೆತಾಯಿಗಳದೆಂದು 2014ರಲ್ಲಿ ಸುಪ್ರೀಂ ಕೋರ್ಟೂ ತೀರ್ಮಾನಿಸಿದವು. ತಂದೆತಾಯಿಗಳು ಮಾಡಿದ ಆಯ್ಕೆ ಯಾವುದೆಂದು ಬೆಳಗಿನ ಹೊತ್ತು ನಮ್ಮ ಬೀದಿಗೆ ಬರುವ ಹಳದಿ ಬಸ್ಸುಗಳೇ ಹೇಳುತ್ತವೆ.

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. ಹೆಸರಾದ ಶಾಲೆ ಒಳ್ಳೆಯ ವಿದ್ಯಾರ್ಥಿಗಳನ್ನು ಮಾಡುತ್ತದೆಯೋ, ಅಥವಾ ಒಳ್ಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಹೆಸರು ತರುತ್ತಾರೆಯೋ?

ಎರಡು ಪಿಯು ಕಾಲೇಜುಗಳನ್ನು ಊಹಿಸಿಕೊಳ್ಳಿ. ಮೊದಲನೆಯದು ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡ 90ಕ್ಕೆ ಮೇಲೆ ಪಡೆದವರನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ಎರಡು ವರ್ಷವಾದ ಮೇಲೆ ಅವರ ಸರಾಸರಿ ಶೇಕಡ 92 ಆಗುತ್ತದೆ. ಎರಡನೆಯದು ಶೇಕಡ 50ರ ಹುಡುಗರನ್ನು ಸೇರಿಸಿಕೊಂಡು ಅವರನ್ನು ಶೇಕಡ 70ಕ್ಕೆ ಮುಟ್ಟಿಸುತ್ತದೆ. ಹೆಚ್ಚು ಕಲಿಸಿದವರು ಯಾರು? ಎರಡನೆಯವರೆಂದೇ ಹೇಳಬೇಕಾಗುತ್ತದೆ. ಆದರೆ ಭಾವಚಿತ್ರ ಅಚ್ಚಾಗುವುದು ಮೊದಲನೆಯವರದು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಆರಿಸಿದ ಕುಂಡಗಳನ್ನೇ ಇಡುತ್ತಾರೆ. ಅದನ್ನು ನೋಡಿ ತೋಟದ ಎಲ್ಲಾ ಗಿಡಗಳೂ ಹೀಗೆಯೇ ಎಂದು ಯಾರೂ ತಿಳಿಯುವುದಿಲ್ಲ. ಶಾಲೆಯ ಗೋಡೆಯ ಮೇಲಿನ ಮುಖಗಳನ್ನು ನೋಡುವಾಗ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. ಹತ್ತು ಮುಖಗಳ ಹಿಂದೆ ಪರೀಕ್ಷೆಗೆ ಕುಳಿತವರು ಇನ್ನೂರು ಮಂದಿಯೋ ಎರಡು ಸಾವಿರವೋ ಎಂಬುದು ಆ ಗೋಡೆಯ ಮೇಲೆ ಬರೆದಿರುವುದಿಲ್ಲ.

ಇದು ಬರಿಯ ತರ್ಕವಲ್ಲ. ವಿದ್ವಾಂಸರು ಪರೀಕ್ಷಿಸಿ ನೋಡಿದ ವಿಷಯ. ಅಮೆರಿಕಾ ದೇಶದ ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸುವ ಸರ್ಕಾರಿ ಪ್ರೌಢಶಾಲೆಗಳಿವೆ. ಅಲ್ಲಿ ಸೀಟಿಗಾಗಿ ನಡೆಯುವ ಪೈಪೋಟಿ ನಮ್ಮದಕ್ಕೇನೂ ಕಡಿಮೆಯಿಲ್ಲ. ಮೂವರು ಅರ್ಥಶಾಸ್ತ್ರಜ್ಞರು ಒಂದು ಜಾಣ ಉಪಾಯ ಮಾಡಿದರು. ಕೊನೆಯ ಸೀಟನ್ನು ಸ್ವಲ್ಪದರಲ್ಲಿ ಪಡೆದವರನ್ನೂ ಸ್ವಲ್ಪದರಲ್ಲಿ ಕಳೆದುಕೊಂಡವರನ್ನೂ ಹೋಲಿಸಿದರು. ಒಂದೆರಡು ಅಂಕಗಳ ಅಂತರವಿರುವ ಇಬ್ಬರು ಹುಡುಗರು ಬುದ್ಧಿಯಲ್ಲಿ ಸಮಾನರೆಂದೇ ಹೇಳಬೇಕು. ಒಬ್ಬ ಪ್ರತಿಷ್ಠಿತ ಶಾಲೆಗೆ ಹೋದ, ಇನ್ನೊಬ್ಬ ಬೇರೆ ಶಾಲೆಗೆ ಹೋದ. ಶಾಲೆಯ ಮಹಿಮೆಯಿದ್ದರೆ ವರ್ಷಗಳು ಕಳೆದಂತೆ ಇಬ್ಬರ ನಡುವೆ ದೊಡ್ಡ ಅಂತರ ಕಾಣಬೇಕಾಗಿತ್ತು. 2014ರಲ್ಲಿ ಪ್ರಕಟವಾದ ಅವರ ವರದಿಯಂತೆ, ಮುಂದಿನ ಪರೀಕ್ಷೆಗಳಲ್ಲಿ ಅಂಥ ಅಂತರ ಹೆಚ್ಚಾಗಿ ಕಾಣಲೇ ಇಲ್ಲ.

ಕಾಲೇಜಿನ ವಿಷಯದಲ್ಲೂ ಇಂಥದೇ ಒಂದು ಶೋಧನೆ 2002ರಲ್ಲಿ ಪ್ರಕಟವಾಯಿತು. ಅದೇ ದೇಶದ ಡೇಲ್ ಮತ್ತು ಕ್ರೂಗರ್ ಎಂಬ ವಿದ್ವಾಂಸರು, 1976ರಲ್ಲಿ ಕಾಲೇಜು ಸೇರಿದವರ ಮುಂದಿನ ಸಂಪಾದನೆಯನ್ನು ವಿಚಾರಿಸಿದರು. ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ಬಗೆಯ ಕಾಲೇಜುಗಳಲ್ಲಿ ಸೀಟು ಪಡೆದಿದ್ದವರ ಪೈಕಿ, ಹೆಚ್ಚು ಹೆಸರಿನ ಕಾಲೇಜಿಗೆ ಹೋದವರೂ ಅಷ್ಟು ಹೆಸರಿಲ್ಲದ ಕಾಲೇಜಿಗೆ ಹೋದವರೂ ಸರಿಸುಮಾರು ಒಂದೇ ಸಮನಾಗಿ ಸಂಪಾದಿಸುತ್ತಿದ್ದರು. ಅವರನ್ನು ಮೇಲೆತ್ತಿದ್ದು ಅವರಲ್ಲೇ ಇದ್ದ ಶಕ್ತಿ ಮತ್ತು ಹಂಬಲ.

ಇದು ದೂರದ ಮಾತಾಯಿತೆನ್ನುವವರಿಗೆ ನೆರೆಯ ಆಂಧ್ರಪ್ರದೇಶದ ನಿದರ್ಶನವಿದೆ. 2008ರಿಂದ ನಾಲ್ಕು ವರ್ಷ, 180 ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಸರ್ಕಾರಿ ಶಾಲೆಯ ಕೆಲವು ಮಕ್ಕಳಿಗೆ ಚೀಟಿ ಎತ್ತಿ ಖಾಸಗಿ ಶಾಲೆಯ ಖರ್ಚನ್ನು ಕೊಡಲಾಯಿತು. ಕೊನೆಯಲ್ಲಿ ನೋಡಿದರೆ, ತೆಲುಗಿನಲ್ಲಿ ಮತ್ತು ಗಣಿತದಲ್ಲಿ ಚೀಟಿ ಬಂದ ಮಕ್ಕಳೂ ಬಾರದ ಮಕ್ಕಳೂ ಒಂದೇ ಮಟ್ಟದಲ್ಲಿದ್ದರು. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯವರು ಬಹಳ ಮುಂದಿದ್ದರು. ನ್ಯಾಯವಾಗಿ ಹೇಳುವುದಾದರೆ, ಆ ಖಾಸಗಿ ಶಾಲೆಗಳು ಪ್ರತಿ ಮಗುವಿಗೆ ಸರ್ಕಾರಿ ಶಾಲೆಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಇಷ್ಟನ್ನು ಸಾಧಿಸಿದ್ದವು. ಅವು ಹಳ್ಳಿಯ ಅಗ್ಗದ ಶಾಲೆಗಳು, ನಗರದ ಭಾರಿ ಶಾಲೆಗಳಲ್ಲ ಎಂಬುದನ್ನೂ ನೆನಪಿಡಬೇಕು. ಆದರೂ 'ಖಾಸಗಿ' ಎಂಬ ಫಲಕವೊಂದೇ ಮಗುವಿಗೆ ಲೆಕ್ಕ ಕಲಿಸುವುದಿಲ್ಲ ಎಂಬುದಂತೂ ಅದರಿಂದ ಸಿದ್ಧವಾಗುತ್ತದೆ.

ಹಾಗಾದರೆ ಪ್ರತಿಷ್ಠಿತ ವಿದ್ಯಾಸಂಸ್ಥೆಯಿಂದ ಯಾರಿಗೂ ಪ್ರಯೋಜನವಿಲ್ಲವೆ? ಉಂಟು, ಇಲ್ಲೇ ಈ ವಿಚಾರದ ತಿರುಳಿರುವುದು. ಡೇಲ್ ಮತ್ತು ಕ್ರೂಗರ್ ಅವರ ಲೆಕ್ಕದಲ್ಲಿ ಒಂದು ಅಪವಾದ ಸಿಕ್ಕಿತು. ಬಡ ಮನೆಗಳಿಂದ ಬಂದವರಿಗೆ ಹೆಸರಾದ ಕಾಲೇಜಿನಿಂದ ನಿಜವಾದ ಲಾಭವಾಗಿತ್ತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅನುಕೂಲಸ್ಥರ ಮಗುವಿಗೆ ಮನೆಯಲ್ಲೇ ಪುಸ್ತಕವಿದೆ, ಇಂಗ್ಲಿಷಿದೆ, ಯಾವ ಬಾಗಿಲನ್ನು ಹೇಗೆ ತಟ್ಟಬೇಕೆಂದು ಹೇಳಿಕೊಡುವ ಚಿಕ್ಕಪ್ಪನಿದ್ದಾನೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಗುವಿಗೆ ಇವೆಲ್ಲವನ್ನೂ ಕಾಲೇಜೇ ಕೊಡಬೇಕು. ಅಂದರೆ, ಹೆಸರಾದ ಬಾಗಿಲಿಗಾಗಿ ಯಾರು ಅತಿಯಾಗಿ ಹೆಣಗುತ್ತಿದ್ದಾರೆಯೋ ಅವರಿಗೆ ಅದರಿಂದ ಆಗುವ ಲಾಭ ಅಲ್ಪ. ಯಾರಿಗೆ ಅದರಿಂದ ಬಾಳೇ ಬದಲಾದೀತೋ ಅವರು ಆ ಬಾಗಿಲಿನಿಂದ ಬಲು ದೂರ.

ಈ ದೂರವನ್ನು ತಗ್ಗಿಸುವ ಒಂದು ಯತ್ನ ನಮ್ಮಲ್ಲೂ ನಡೆಯಿತು. 2009ರ ಶಿಕ್ಷಣ ಹಕ್ಕಿನ ಶಾಸನವು ಖಾಸಗಿ ಶಾಲೆಯ ಪ್ರಾರಂಭದ ತರಗತಿಯಲ್ಲಿ ಶೇಕಡ 25ರಷ್ಟು ಸೀಟನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮನೆಗಳ ಮಕ್ಕಳಿಗೆ ಕೊಡಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ 2012ರಿಂದ ಅದು ನಡೆದುಬಂತು. ಮನೆಗೆಲಸದವರ ಮಗು, ಆಟೋ ಓಡಿಸುವವರ ಮಗು ದೊಡ್ಡ ಶಾಲೆಯ ಸಮವಸ್ತ್ರ ತೊಟ್ಟು ನಡೆದದ್ದನ್ನು ನಮ್ಮ ಬೀದಿಗಳು ಕಂಡವು. ಆದರೆ ಇದರಿಂದ ಸರ್ಕಾರಿ ಶಾಲೆಗಳೇ ಬರಿದಾಗುತ್ತಿವೆ, ಬೊಕ್ಕಸದ ಹಣ ಖಾಸಗಿಯವರಿಗೆ ಹೋಗುತ್ತಿದೆ ಎಂಬ ಆಕ್ಷೇಪ ಎದ್ದಿತು. 2019ರಲ್ಲಿ ನಿಯಮವನ್ನು ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆ ಮಾತ್ರ ಈ ಸೌಲಭ್ಯವೆಂದು ಮಾಡಲಾಯಿತು. ನಗರದಲ್ಲಿ ಹತ್ತಿರದಲ್ಲೊಂದು ಸರ್ಕಾರಿ ಶಾಲೆ ಇಲ್ಲದ ಬಡಾವಣೆ ಅಪರೂಪ. ಆದ್ದರಿಂದ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಬಾಗಿಲು ಮುಚ್ಚಿದ ಮೇಲೆ ಆ ಹತ್ತಿರದ ಸರ್ಕಾರಿ ಶಾಲೆಗೆ ಉಪಾಧ್ಯಾಯರನ್ನೂ ಪುಸ್ತಕಗಳನ್ನೂ ಒದಗಿಸುವ ಹೊಣೆ ಇಮ್ಮಡಿಯಾಗುತ್ತದೆ. ಹಿತ್ತಲ ಗಿಡ ಮದ್ದಲ್ಲವೆಂದು ನಾವೇ ಹೇಳುತ್ತಾ ಹೋದರೆ ಅದಕ್ಕೆ ನೀರೆರೆಯುವವರು ಯಾರು?

ಶಾಲೆಗಳೆಲ್ಲವೂ ಒಂದೇ ಎಂದು ಇದರ ಅರ್ಥವಲ್ಲ. ಒಳ್ಳೆಯ ಉಪಾಧ್ಯಾಯರಿರುವ ಶಾಲೆಗೂ ಇಲ್ಲದ ಶಾಲೆಗೂ ಅಜಗಜಾಂತರ. ಆದರೆ ಆ ಅಂತರವನ್ನು ಕಟ್ಟಡದ ಎತ್ತರದಿಂದಾಗಲಿ ಗೋಡೆಯ ಮೇಲಿನ ಮುಖಗಳಿಂದಾಗಲಿ ಅಳೆಯಲಾಗದು. ಶಾಲೆಗೆ ಹೋದಾಗ ತಂದೆತಾಯಿಗಳು ಕೇಳಬೇಕಾದ ಪ್ರಶ್ನೆಗಳು ಬೇರೆ. ಹೋದ ವರ್ಷ ಎಷ್ಟು ಮಂದಿ ಪರೀಕ್ಷೆಗೆ ಕುಳಿತರು, ಅವರಲ್ಲಿ ನಡುಮಟ್ಟದ ಹುಡುಗನಿಗೆ ಎಷ್ಟು ಬಂತು? ಎಂಟನೆಯ ತರಗತಿಯಲ್ಲಿದ್ದವರಲ್ಲಿ ಎಷ್ಟು ಮಂದಿ ಹತ್ತರವರೆಗೆ ಉಳಿದರು, ಹಿಂದೆ ಬಿದ್ದವರನ್ನು ಏನು ಮಾಡಿದಿರಿ? ಉಪಾಧ್ಯಾಯರು ಎಷ್ಟು ವರ್ಷಗಳಿಂದ ಇಲ್ಲಿದ್ದಾರೆ? ಮಗು ದಿನಕ್ಕೆ ಎಷ್ಟು ಹೊತ್ತು ಬಸ್ಸಿನಲ್ಲಿ ಕಳೆಯಬೇಕು? ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಡುವ ಶಾಲೆಯನ್ನು, ಅದು ಪಕ್ಕದ ಬೀದಿಯ ಚಿಕ್ಕ ಶಾಲೆಯೇ ಆಗಿರಲಿ, ನಂಬಬಹುದು. "ನಮ್ಮ ಫಲಿತಾಂಶ ನೋಡಿ" ಎಂದಷ್ಟೇ ಹೇಳುವ ಶಾಲೆಯ ವಿಷಯದಲ್ಲಿ ಎಚ್ಚರ ಒಳ್ಳೆಯದು.

ಕಡೆಯದಾಗಿ, ಈ ಎಲ್ಲ ಲೆಕ್ಕದ ನಡುವೆ ಕುಳಿತಿರುವ ಮಗುವಿನ ಮಾತು. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೆ ಓದುವ ಹದಿನಾರು ವರ್ಷದ ಹುಡುಗಿಗೆ, ಒಂದು ಅಂಕ ತಪ್ಪಿದರೆ ಬಾಳೇ ಮುಗಿಯಿತೆಂದು ನಾವು ಬಾಯಿಬಿಟ್ಟು ಹೇಳದಿದ್ದರೂ ನಮ್ಮ ಮುಖ ಹೇಳುತ್ತಿರುತ್ತದೆ. ಅಂಕಗಳು ಒತ್ತೊತ್ತಾಗಿರುವ ಕಡೆ ಒಂದೇ ಒಂದು ಅಂಕಕ್ಕೆ ನೂರಾರು ರ‍್ಯಾಂಕು ಏರುಪೇರಾಗಬಹುದು. ಆದರೆ ಆ ಒಂದು ಅಂಕದ ಈಚೆ ನಿಂತವಳೂ ಆಚೆ ನಿಂತವಳೂ ವಿದ್ಯೆಯಲ್ಲಿ ಒಂದೇ ಎಂಬುದನ್ನು ಈಗ ನೋಡಿದೆವು. ಫಲಿತಾಂಶ ಬಂದ ಸಂಜೆ ಬಾಗಿಲು ಹಾಕಿಕೊಂಡು ಕುಳಿತ ಮಗುವಿಗೆ ಇದನ್ನು ಹೇಳಬೇಕಾದವರು ನ್ಯಾಯಾಲಯವಲ್ಲ, ಸರ್ಕಾರವಲ್ಲ, ಶಾಲೆಯೂ ಅಲ್ಲ. ಬಾಗಿಲು ತಟ್ಟಿ, "ಬಾರಮ್ಮ, ಊಟಕ್ಕೆ ಏಳು" ಎಂದು ಕರೆಯುವವರು. ಆ ಕರೆಯಲ್ಲಿ ಯಾವ ಸೀಟಿನ ಮಾತೂ ಇರಬಾರದು.